ತರಬೇತಿಯಲ್ಲಿರುವಾಗಲೇ ಪುಣೆಯಲ್ಲಿ ಮೊದಲ ಗೃಹಸಾಲ: ಅಪ್ಪನನ್ನು ಜೊತೆಗೆ ಸೇರಿಸಿಕೊಂಡರೆ ಸಿಗುವುದೇ?

ಪ್ರಶ್ನೆ (ಮೋಶಿ, ಪುಣೆ)

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿದ ನಾನು ಸದ್ಯ ಚಾಕಣದ ಕಾರ್ಖಾನೆಯೊಂದರಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಮಾಡುತ್ತಿದ್ದೇನೆ. ತಿಂಗಳಿಗೆ 22,000 ರೂಪಾಯಿ ಸ್ಟೈಪೆಂಡ್ ಬರುತ್ತದೆ. ತರಬೇತಿ ಮುಗಿದೊಡನೆ ಕಾಯಂ ಮಾಡಿಕೊಳ್ಳುವುದಾಗಿ ಮೇಲಧಿಕಾರಿಗಳು ಬಾಯಿಮಾತಿನಲ್ಲಿ ಹೇಳಿದ್ದಾರೆ. ನಾನು ಬಾಡಿಗೆಗಿರುವ ಸೊಸೈಟಿಯಲ್ಲಿಯೇ ಒಂದು ಬಿಎಚ್‌ಕೆ ಫ್ಲ್ಯಾಟ್ 38 ಲಕ್ಷಕ್ಕೆ ಮಾರಾಟಕ್ಕಿದ್ದು, ಮಾಲೀಕರು ಈ ತಿಂಗಳೊಳಗೆ ಎರಡು ಲಕ್ಷ ಟೋಕನ್ (ಮುಂಗಡ) ಕೇಳುತ್ತಿದ್ದಾರೆ. ನನ್ನ ಶಿಕ್ಷಣ ಸಾಲದ ಕಂತು ಇನ್ನೂ ಶುರುವಾಗಿಲ್ಲ. ಅಪ್ಪ ಸರಕಾರಿ ಶಾಲೆಯ ಶಿಕ್ಷಕರು, ನಿವೃತ್ತಿಗೆ ಐದು ವರ್ಷವಿದೆ. ಅವರು ಸಹ-ಸಾಲಗಾರರಾದರೆ ಸಾಲ ದೊರೆಯಬಹುದೇ? ಹಾಗಾದರೆ ಮನೆಯೂ ಇಬ್ಬರ ಹೆಸರಿನಲ್ಲಿಯೇ ಆಗಬೇಕೇ?

ಉತ್ತರ 1 (ನಿಗಡಿ, ನಿವೃತ್ತ ಬ್ಯಾಂಕ್ ಅಧಿಕಾರಿ)

ತಂಗಿ, ನಿಮ್ಮ ಸ್ಟೈಪೆಂಡನ್ನು ಬ್ಯಾಂಕು ಸಂಬಳವೆಂದು ನೋಡುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನೀವು ತರಬೇತಿ ಪಡೆಯುವವರೇ ಹೊರತು ನೌಕರರಲ್ಲ. ಒಪ್ಪಂದದಲ್ಲಿ ಬರೆದಿರದಿದ್ದರೆ ತರಬೇತಿ ಮುಗಿದ ಮೇಲೆ ನಿಮಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಂಪನಿಗೆ ಇಲ್ಲ. ಆದ್ದರಿಂದ ಮೇಲಧಿಕಾರಿಗಳ ಬಾಯಿಮಾತಿಗೆ ಸಾಲ ವಿಭಾಗದಲ್ಲಿ ಬೆಲೆಯಿಲ್ಲ, ನೇಮಕಾತಿ ಪತ್ರ ಮತ್ತು ಕೆಲವು ತಿಂಗಳ ಸಂಬಳದ ಚೀಟಿಗಳಿಗೆ ಇದೆ.

ಲೆಕ್ಕವನ್ನೂ ನೋಡಿ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲವು ಮನೆಯ ಬೆಲೆಯ ಶೇ. 80ನ್ನು ಮೀರಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಿಮಗೆ ಗರಿಷ್ಠ 30.40 ಲಕ್ಷ. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಅದರ ಕಂತು ಸುಮಾರು 26,400 ರೂಪಾಯಿ, ಅಂದರೆ ನಿಮ್ಮ ಇಡೀ ಸ್ಟೈಪೆಂಡಿಗಿಂತ ಹೆಚ್ಚು. ಎಲ್ಲ ಕಂತುಗಳೂ ಸೇರಿ ಕೈಗೆ ಬರುವ ಸಂಬಳದ ಅರ್ಧದಷ್ಟನ್ನು ದಾಟದಂತೆ ಬ್ಯಾಂಕುಗಳು ಸಾಮಾನ್ಯವಾಗಿ ನೋಡಿಕೊಳ್ಳುತ್ತವೆ, ಮುಂದೆ ಶುರುವಾಗಲಿರುವ ಶಿಕ್ಷಣ ಸಾಲದ ಕಂತನ್ನೂ ಅದರಲ್ಲಿ ಹಿಡಿಯುತ್ತವೆ. ತಂದೆಯವರ ಸಂಬಳ ಲೆಕ್ಕಕ್ಕೆ ಬರುವುದು ಐದೇ ವರ್ಷ, ಆಮೇಲೆ ಪಿಂಚಣಿ ಮಾತ್ರ. ಹಾಗಾಗಿ ಅವರೊಬ್ಬರ ಬಲದ ಮೇಲೆ ಸಿಗುವ ಸಾಲ ನೀವು ಎಣಿಸಿದ್ದಕ್ಕಿಂತ ಬಹಳ ಚಿಕ್ಕದಾಗಿರುತ್ತದೆ.

ಉತ್ತರ 2 (ದಾದರ್, ಮುಂಬಯಿ, ತೆರಿಗೆ ಸಲಹೆಗಾರ್ತಿ)

ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಮನೆಯ ಸಹ-ಮಾಲೀಕರೆಲ್ಲರೂ ಸಾಲಕ್ಕೆ ಸಹಿ ಹಾಕಬೇಕೆಂದು ಬ್ಯಾಂಕುಗಳು ಕೇಳುತ್ತವೆ. ಆದರೆ ಸಾಲಕ್ಕೆ ಸಹಿ ಹಾಕಿದವರೆಲ್ಲ ಮಾಲೀಕರಾಗಬೇಕೆಂದೇನೂ ಇಲ್ಲ. ನಿಮ್ಮ ವಿಷಯದಲ್ಲಿ ಇದು ಮುಖ್ಯ, ಏಕೆಂದರೆ ಮಹಾರಾಷ್ಟ್ರದಲ್ಲಿ ಮಹಿಳೆಯ ಹೆಸರಿನಲ್ಲಿ ಮಾತ್ರ ವಾಸದ ಮನೆಯನ್ನು ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇ. 1ರ ರಿಯಾಯಿತಿಯಿದೆ, ಖರೀದಿ ಪತ್ರದಲ್ಲಿ ತಂದೆಯವರ ಹೆಸರು ಸೇರಿದರೆ ಆ 38,000 ರೂಪಾಯಿ ಹೋದಂತೆ. ಮೋಶಿಯಲ್ಲಿ ಸ್ಥಳೀಯ ಸಂಸ್ಥೆ ಮತ್ತು ಮೆಟ್ರೊ ಅಧಿಭಾರ ಸೇರಿ ಶುಲ್ಕ ಶೇ. 7 ಆಗುವುದರಿಂದ ನಿಮಗೆ ಶೇ. 6, ಅಂದರೆ 2.28 ಲಕ್ಷ, ಜೊತೆಗೆ ನೋಂದಣಿಗೆ 30,000. ಈ ಮೊತ್ತ ಸಾಲದಲ್ಲಿ ಸೇರುವುದಿಲ್ಲ. ಬೆಲೆಯಲ್ಲಿ ಸಾಲ ಕಳೆದು ಉಳಿಯುವ ನಿಮ್ಮ ಪಾಲಿನ 7.60 ಲಕ್ಷವನ್ನೂ ಕೂಡಿಸಿದರೆ ಹತ್ತು ಲಕ್ಷಕ್ಕೂ ಹೆಚ್ಚು ನಗದು ಕೈಯಲ್ಲಿರಬೇಕಾಗುತ್ತದೆ, ದಲಾಲಿ ಬೇರೆ. (ಜಾಹೀರಾತುಗಳು ಕಂತಿನ ಬಗ್ಗೆ ಮಾತ್ರ ಮಾತನಾಡುತ್ತವೆ.)

ತಂದೆಯವರು ಮಾಲೀಕರಲ್ಲದಿದ್ದರೆ ಅವರು ತುಂಬಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಕಡಿತ ದೊರೆಯುವುದಿಲ್ಲ ಎಂಬುದೂ ಗೊತ್ತಿರಲಿ.

ಉತ್ತರ 3 (ಚಿಂಚವಡ)

ಕಾಯುವುದೊಂದೇ ದಾರಿ ಎಂದು ನನಗನ್ನಿಸುವುದಿಲ್ಲ. ಇಪ್ಪತ್ತೈದು ಲಕ್ಷದೊಳಗಿನ ಮನೆಯಾದರೆ ತಂದೆಯವರ ಆಧಾರದ ಮೇಲೆ ಈಗಲೂ ಪ್ರಯತ್ನಿಸಬಹುದು. ಆದರೆ ಈ ಫ್ಲ್ಯಾಟಿಗೆ ಟೋಕನ್ ಕೊಡುವ ಆತುರ ಬೇಡ. ಕೊಡಲೇಬೇಕೆಂದಿದ್ದರೆ, ಸಾಲ ಮಂಜೂರಾಗದಿದ್ದಲ್ಲಿ ಪೂರ್ತಿ ಹಣ ಮರಳಿಸುವುದಾಗಿ ಮಾಲೀಕರಿಂದ ಬರೆಸಿಕೊಂಡು, ಚೆಕ್ ಮೂಲಕವೇ ಕೊಡಿ. ಅದಕ್ಕೂ ಮೊದಲು ಮಾರುವವರ ಇಂಡೆಕ್ಸ್ 2 (ನೋಂದಣಿ ಕಚೇರಿ ಕೊಡುವ ಖರೀದಿಯ ಸಾರಾಂಶ ಪತ್ರ), ಷೇರ್ ಸರ್ಟಿಫಿಕೇಟ್ (ಸೊಸೈಟಿಯ ಸದಸ್ಯತ್ವದ ದಾಖಲೆ) ಮತ್ತು ಸೊಸೈಟಿಯ ನಿರಾಕ್ಷೇಪಣಾ ಪತ್ರ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹತ್ತು ಲಕ್ಷ ನಗದು ನಮ್ಮಲ್ಲಿಲ್ಲ, ಅಪ್ಪನ ಭವಿಷ್ಯ ನಿಧಿಗೆ ಕೈ ಹಾಕುವ ಮನಸ್ಸೂ ಇಲ್ಲ. ಟೋಕನ್ ಕೊಡುವುದಿಲ್ಲವೆಂದು ಮಾಲೀಕರಿಗೆ ತಿಳಿಸುತ್ತೇನೆ. ಕಾಯಂ ಆದ ಮೇಲೆ ಎಷ್ಟು ತಿಂಗಳಿಗೆ ಅರ್ಜಿ ಹಾಕಬಹುದು, ಸರ್?

ಉತ್ತರ 1

ಪ್ರೊಬೇಷನ್ ಮುಗಿದ ಪತ್ರ ಕೈಗೆ ಬಂದ ಮೇಲೆ ಹಾಕಿ. ಅಷ್ಟರಲ್ಲಿ ಶಿಕ್ಷಣ ಸಾಲದ ಕಂತು ಶುರುವಾದರೆ ಒಂದನ್ನೂ ತಪ್ಪಿಸಬೇಡಿ. ಸಿಬಿಲ್‌ನಲ್ಲಿ (ಬ್ಯಾಂಕುಗಳು ನೋಡುವ ಸಾಲ ಮರುಪಾವತಿಯ ದಾಖಲೆ) ಸದ್ಯಕ್ಕೆ ನಿಮ್ಮ ಹೆಸರಿನಲ್ಲಿ ಕಾಣುವ ಸಾಲ ಅದೊಂದೇ ಇರಬೇಕು.