ಬೆಟ್ಟೆ ಯಾಕೆ 'ಬೆಟೆ' ಆಯ್ತು?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ): ಮೇಡಂ, ಸಾಗರದ ಒಂದು ಅಡಿಕೆ ಮಂಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಮೊದಲ ಪುಟದಲ್ಲಿ ಅಡಿಕೆಯ ಬಗೆಗೊಂದರಂತೆ ರೇಟಿನ ನಾಲ್ಕು ಕಾರ್ಡ್: ರಾಶಿ, ಬೆಟ್ಟೆ, ಸರಕು, ಗೊರಬಲು. ನನ್ನ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಚೆನ್ನಾಗಿ ಕಾಣುತ್ತದೆ. ಮಂಡಿ ಯಜಮಾನರ ಹತ್ತಿರ ಮಗ ಬಳಸಿ ಕೊಟ್ಟ ಹಳೇ ಐಫೋನ್ 6 ಇದೆ. ಅದರಲ್ಲಿ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿವೆ. ಸಾಲದ್ದಕ್ಕೆ ಬೆಟ್ಟೆಯ ಒತ್ತು ಕಟ್ಟಾಗಿ 'ಬೆಟೆ' ಅಂತ ಕಾಣುತ್ತದೆ. "ಮಂಡಿ ಇಟ್ಟವನಿಗೆ ಬೆಟ್ಟೆ ಬರೆಯೋಕೆ ಬರಲ್ಲ ಅಂತ ನಗ್ತಾರೆ ಮಾರಾಯ" ಅಂದರು. ಅದೇ ಫೋನಿನಲ್ಲಿ ಕ್ರೋಮ್ ಇತ್ತು, ಅಲ್ಲೂ ಹಾಗೇ. ಕಾರ್ಡುಗಳಿಗೆ ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಭಾಷೆ) ಫ್ಲೆಕ್ಸ್ (ಸಾಲಾಗಿ ಜೋಡಿಸುವ ವಿಧಾನ), ಗ್ಯಾಪ್ (ನಡುವಿನ ಅಂತರ) 12 ಪಿಕ್ಸೆಲ್ ಕೊಟ್ಟಿದ್ದೇನೆ. ಗ್ಯಾಪ್ ಇಲ್ಲದ ಬ್ರೌಸರ್‌ಗೆ ಮಾರ್ಜಿನ್ (ಪ್ರತಿ ಕಾರ್ಡಿನ ಸುತ್ತಲಿನ ಜಾಗ) ಹೋಗಲಿ ಅಂತ 'ಸಪೋರ್ಟ್ಸ್' ಷರತ್ತೂ (ಇದು ಗೊತ್ತಾ ಅಂತ ಬ್ರೌಸರ್‌ಗೆ ಕೇಳುವುದು) ಬರೆದೆ. ಮಾರ್ಜಿನ್ ಬರಲೇ ಇಲ್ಲ.

ಉತ್ತರ: ಮೊದಲು ಕ್ರೋಮ್ ವಿಷಯ. ನಮ್ಮಲ್ಲಿ ಸಿಗುವ ಐಫೋನಿನಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗಿರುವುದು ಸಫಾರಿಯ ಎಂಜಿನ್, ವೆಬ್‌ಕಿಟ್. ಬರೀ ಅಂಗಿ ಬೇರೆ. ಹಾಗಾಗಿ ಅದು ಎರಡನೇ ಪರೀಕ್ಷೆ ಅಲ್ಲ, ಅದೇ ಪರೀಕ್ಷೆ.

ಐಫೋನ್ 6 ಐಓಎಸ್ 12ಕ್ಕೇ ನಿಂತಿದೆ. ಫ್ಲೆಕ್ಸ್ ಒಳಗಿನ ಗ್ಯಾಪ್ ಸಫಾರಿಗೆ ಬಂದಿದ್ದು 14.1ರಲ್ಲಿ, 2021ರಲ್ಲಿ. ಹಾಗಾದರೆ ನಿಮ್ಮ ಷರತ್ತು ಯಾಕೆ ಕೆಲಸ ಮಾಡಲಿಲ್ಲ? ಇಲ್ಲೇ ಇರುವುದು ಕಿತಾಪತಿ. ಸಫಾರಿ 12ಕ್ಕೆ ಗ್ಯಾಪ್ ಅನ್ನುವ ಪದ ಗೊತ್ತು, ಆದರೆ ಗ್ರಿಡ್‌ಗೆ (ಅಡ್ಡ-ಉದ್ದ ಮನೆಗಳಲ್ಲಿ ಜೋಡಿಸುವ ವಿಧಾನ) ಮಾತ್ರ. "ಗ್ಯಾಪ್ ಗೊತ್ತಾ?" ಅಂತ ಕೇಳಿದರೆ "ಹೂಂ, ಗೊತ್ತು" ಅನ್ನುತ್ತದೆ. ಫ್ಲೆಕ್ಸ್‌ನಲ್ಲಿ ಗೊತ್ತಾ ಅಂತ ಕೇಳೋಕೆ ಆ ಷರತ್ತಿನಲ್ಲಿ ದಾರಿಯೇ ಇಲ್ಲ. ನಾನೂ ಒಮ್ಮೆ ಇದಕ್ಕೆ ಅರ್ಧ ದಿನ ಕಳೆದಿದ್ದೇನೆ.

ಮಾರ್ಜಿನ್ ಸರ್ಕಸ್ ಬಿಡಿ. ಕಾರ್ಡುಗಳ ಹೊರಗಿನ ಡಬ್ಬಿಗೆ ಡಿಸ್‌ಪ್ಲೇ ಗ್ರಿಡ್ ಕೊಡಿ. ಕಾಲಮ್‌ಗೆ ರಿಪೀಟ್, ಆಟೋ-ಫಿಲ್, ಮಿನ್‌ಮ್ಯಾಕ್ಸ್ 150 ಪಿಕ್ಸೆಲ್‌ನಿಂದ 1 ಎಫ್‌ಆರ್. ಅಂದರೆ ಕಾರ್ಡ್ ಕನಿಷ್ಠ 150 ಅಗಲ, ಉಳಿದ ಜಾಗ ಸಮಪಾಲು. ಗ್ಯಾಪ್ ಅದೇ 12 ಇರಲಿ. ಆ ಫೋನಿನ ಅಗಲ 375 ಪಿಕ್ಸೆಲ್, ಸಾಲಿಗೆ ಎರಡು ಕಾರ್ಡ್ ಆರಾಮಾಗಿ ಕೂರುತ್ತವೆ.

ಒತ್ತಿನ ಬಗ್ಗೆ ಒಂದು ಅನುಮಾನ ಇದೆ. ಹೆಸರಿನ ಪಟ್ಟಿಗೆ ಹೈಟ್ ಎಷ್ಟು ಕೊಟ್ಟಿದ್ದೀರಿ?

ಪ್ರಶ್ನೆ ಕೇಳಿದವರು: ಫಾಂಟ್ 20 ಪಿಕ್ಸೆಲ್, ಹೈಟ್ 24, ಲೈನ್-ಹೈಟ್ (ಸಾಲಿನ ಎತ್ತರ, ಫಾಂಟಿನ ಎಷ್ಟು ಪಟ್ಟು) 1. ಓವರ್‌ಫ್ಲೋ ಹಿಡನ್, ಅಂದರೆ ಪಟ್ಟಿಯಾಚೆ ಹೋದದ್ದು ಕಾಣಲ್ಲ.

ಉತ್ತರ: ಅಷ್ಟೇ, ಸಿಕ್ಕಿಬಿತ್ತು. ಇಂಗ್ಲಿಷ್ ಅಕ್ಷರಕ್ಕೆ 24 ಸಾಕು. ನಮಗೆ ಕೆಳಗೆ ಒತ್ತು ಇಳಿಯಬೇಕಲ್ವಾ? ಜೊತೆಗೆ ಆಂಡ್ರಾಯ್ಡ್, ಆಪಲ್, ವಿಂಡೋಸ್ ಕನ್ನಡಕ್ಕೆ ತಮ್ಮಲ್ಲಿರುವ ಫಾಂಟನ್ನೇ ತೋರಿಸುತ್ತವೆ. ಅವುಗಳ ಎತ್ತರ ಒಂದೇ ಇರಬೇಕು ಅಂತೇನಿಲ್ಲ. ಒಂದರಲ್ಲಿ ಕೂದಲೆಳೆಯಲ್ಲಿ ಉಳಿದ ಒತ್ತು ಇನ್ನೊಂದರಲ್ಲಿ ಕತ್ತರಿಸಿ ಹೋಗುತ್ತದೆ. ಹೈಟ್ ತೆಗೆದುಬಿಡಿ. ಲೈನ್-ಹೈಟ್ 1.6 ಮಾಡಿ, ಮೇಲೆ ಕೆಳಗೆ 4 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಡಿ. ಕಾರ್ಡುಗಳೆಲ್ಲ ಒಂದೇ ಎತ್ತರ ಇರಬೇಕು ಅಂದರೆ ಮಿನ್-ಹೈಟ್ (ಕನಿಷ್ಠ ಎತ್ತರ) ಬಳಸಿ.

ವೆಬ್ ಫಾಂಟ್ (ಪುಟದ ಜೊತೆಗೇ ಇಳಿಯುವ ಫಾಂಟ್) ಹಾಕಿದರೆ ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ನಿಜ. ಆದರೆ ತೋಟದಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ರೇಟ್ ನೋಡುವವರಿಗೆ ಅದು ಭಾರ. ನಾನಾದರೆ ಹಾಕಲ್ಲ.

ಪ್ರಶ್ನೆ ಕೇಳಿದವರು: ಎರಡೂ ಸರಿಹೋಯ್ತು ಮೇಡಂ. ಯಜಮಾನರು ಜೂಮ್ ಮಾಡಿ ಮಾಡಿ ಒತ್ತು ನೋಡಿದರು.

ಇನ್ನೊಬ್ಬರು (ಆಗುಂಬೆ): ಅಕ್ಕ, ನಮ್ಮ ಹೋಂಸ್ಟೇ ಪುಟದ ಮೊದಲ ಪರದೆಗೆ 100 ವಿಎಚ್ (ಪರದೆಯ ಎತ್ತರದ ನೂರಕ್ಕೆ ನೂರು) ಎತ್ತರ ಕೊಟ್ಟು, ಅದರ ತಳದಲ್ಲಿ 'ರೂಮ್ ಬುಕ್ ಮಾಡಿ' ಬಟನ್ ಇಟ್ಟಿದ್ದೇವೆ. ಹೊಸ ಐಫೋನಿನಲ್ಲಿ ಅದು ವಿಳಾಸದ ಪಟ್ಟಿಯ ಹಿಂದೆ ಅವಿತುಕೊಳ್ಳುತ್ತದೆ. ಇದೂ ಅದೇ ರೋಗನಾ?

ಉತ್ತರ: ಇಲ್ಲ, ಇದು ಬೇರೆ. ಮೊಬೈಲಿನಲ್ಲಿ 100 ವಿಎಚ್ ಅಂದರೆ ವಿಳಾಸದ ಪಟ್ಟಿ ಕುಗ್ಗಿದ ಮೇಲೆ ಸಿಗುವ ಪೂರ್ತಿ ಎತ್ತರ. ಪುಟ ತೆರೆದ ಕೂಡಲೇ ಅಷ್ಟು ಜಾಗ ಇರಲ್ಲ. ಆ ಸಾಲು ಹಾಗೇ ಇರಲಿ, ಅದರ ಕೆಳಗೇ 100 ಎಸ್‌ವಿಎಚ್ ಅಂತ ಇನ್ನೊಂದು ಸಾಲು ಸೇರಿಸಿ. ಇದು ಪಟ್ಟಿ ದೊಡ್ಡದಾಗಿದ್ದಾಗಿನ ಲೆಕ್ಕ. ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108ರಿಂದ ಈಚೆಗೆ ಅರ್ಥವಾಗುತ್ತದೆ. ಗೊತ್ತಿಲ್ಲದ ಬ್ರೌಸರ್ ಎರಡನೇ ಸಾಲನ್ನು ಸುಮ್ನೆ ದಾಟಿ ಹೋಗುತ್ತದೆ. ಡಿವಿಎಚ್ ಅಂತಲೂ ಒಂದಿದೆ. ಅದು ಸ್ಕ್ರೋಲ್ ಮಾಡಿದ ಹಾಗೆ ಎತ್ತರ ಬದಲಿಸುತ್ತದೆ, ಫೋಟೋ ಕುಣಿದ ಹಾಗೆ ಕಾಣುತ್ತದೆ. ನಿಮಗೆ ಬೇಡ. ಬದಲಿಸಿದ ಮೇಲೆ ಫೋನ್ ಅಡ್ಡ ಹಿಡಿದೂ ಒಮ್ಮೆ ನೋಡಿ.