ರೀವ್ ಅನ್ನೋ ಇಂಗ್ಲಿಷ್ ಅಡ್ಡಹೆಸರು ಎಲ್ಲಿಂದ ಬಂತು? ರೀವ್‌ಗಳೆಲ್ಲ ಒಂದೇ ಮನೆತನದವರಾ?

ಕೌಲ್‌ಬಜಾರ್ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಗೆ ಬಂದಿದ್ದ ಹಳೇ ಮಿಷನರಿಗಳ ಬಗ್ಗೆ ಈಚೆಗೆ ಓದುತ್ತಾ ಇದ್ದೇನೆ. ಅದರಲ್ಲಿ ವಿಲಿಯಂ ರೀವ್ ಅಂತ ಒಬ್ಬರು ಬರುತ್ತಾರೆ. ಲಂಡನ್ ಮಿಷನರಿ ಸೊಸೈಟಿಯವರು, ನಮ್ಮೂರಲ್ಲಿ ಕೆಲಸ ಮಾಡಿದವರು, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದವರು. ಕಿಟೆಲ್ ನಿಘಂಟು ಬಂದಿದ್ದು 1894ರಲ್ಲಿ. ಅದಕ್ಕೂ ಅರವತ್ತು ವರ್ಷ ಮೊದಲೇ ಈ ಕೆಲಸ ಮಾಡಿದ ಮನುಷ್ಯನ ಹೆಸರು ಬಳ್ಳಾರಿಯವರಿಗೇ ಗೊತ್ತಿಲ್ಲ ಅನ್ನೋದು ಬೇರೆ ಮಾತು.

ನನ್ನ ಪ್ರಶ್ನೆ ಅವರ ಅಡ್ಡಹೆಸರಿನ ಬಗ್ಗೆ. ನಮ್ಮ ಆಫೀಸಿಗೆ ಸಂಬಂಧಪಟ್ಟ ನ್ಯೂಜಿಲೆಂಡಿನ ಒಬ್ಬರ ಹೆಸರಲ್ಲೂ ರೀವ್ಸ್ ಇದೆ, ಸಿನಿಮಾದ ಕಿಯಾನು ರೀವ್ಸ್ ಇದ್ದಾರೆ, ಸೂಪರ್‌ಮ್ಯಾನ್ ಆಗಿದ್ದ ಕ್ರಿಸ್ಟೋಫರ್ ರೀವ್ ಇದ್ದರು. ಇವರೆಲ್ಲರ ಮೂಲ ಒಂದೇನಾ? ಒಂದು ವೆಬ್‌ಸೈಟ್ ನೋಡಿದೆ, ದುಡ್ಡು ಕಟ್ಟಿದರೆ "ರೀವ್ ಮನೆತನದ ಲಾಂಛನ" ಫ್ರೇಮ್ ಹಾಕಿ ಕಳಿಸ್ತಾರಂತೆ. ನಂಬಬಹುದಾ?

ಕೊಪ್ಪಳದ ಮೇಷ್ಟ್ರು:

ಮೊದಲು ಲಾಂಛನದ ವಿಷಯ ಮುಗಿಸೋಣ, ದುಡ್ಡು ಕಟ್ಟಬೇಡಪ್ಪ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಆಮೇಲೆ ಅದು ಅವನ ವಂಶದಲ್ಲಿ ಇಳಿಯುತ್ತದೆ. ಅಡ್ಡಹೆಸರಿಗೆ ಅಂತ ಲಾಂಛನ ಇರುವುದೇ ಇಲ್ಲ. ಲಾಂಛನ ಕೊಡುವ ಅಲ್ಲಿನ ಸಂಸ್ಥೆ ಕಾಲೇಜ್ ಆಫ್ ಆರ್ಮ್ಸ್ ಕೂಡ ಇದನ್ನೇ ಹೇಳುತ್ತದೆ.

ಇನ್ನು ಹೆಸರು. ರೀವ್ ಅನ್ನೋದು ಕೆಲಸದ ಹೆಸರು, ಮೇಲ್ವಿಚಾರಕ ಇದ್ದ ಹಾಗೆ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡ್ ಗೆಲ್ಲುವ ಮೊದಲಿನಿಂದಲೂ ಅಲ್ಲಿ ಈ ಹುದ್ದೆ ಇತ್ತು. ದೊಡ್ಡ ಮಟ್ಟದಲ್ಲಿ ರಾಜನ ಪರವಾಗಿ ಒಂದು ಜಿಲ್ಲೆ ನೋಡಿಕೊಳ್ಳುವ ರೀವ್ ಇದ್ದ, ಅವನೇ ಮುಂದೆ ಶೆರಿಫ್ ಆದ. ಆದರೆ ಅಡ್ಡಹೆಸರು ಬಂದಿದ್ದು ಜಾಸ್ತಿ ಹಳ್ಳಿಯ ರೀವ್‌ನಿಂದ. ಜಮೀನ್ದಾರನ ಹೊಲದಲ್ಲಿ ಬಿಟ್ಟಿ ಕೆಲಸ ಮಾಡಬೇಕಿದ್ದ ರೈತರು ಇರುತ್ತಾರಲ್ಲ, ಅವರಲ್ಲೇ ಒಬ್ಬನನ್ನು ಈ ಕೆಲಸಕ್ಕೆ ಹಾಕುತ್ತಿದ್ದರು. ಬಹಳ ಕಡೆ ರೈತರೇ ಆರಿಸುತ್ತಿದ್ದರು. ಯಾರು ಉಳುಮೆಗೆ ಬಂದರು, ಯಾರು ತಪ್ಪಿಸಿಕೊಂಡರು, ಎಷ್ಟು ಕಾಳು ಬಂತು, ಎಷ್ಟು ಬೀಜಕ್ಕೆ ಹೋಯ್ತು, ಎಲ್ಲಾ ಅವನ ತಲೆ ಮೇಲೆ. ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಅದಕ್ಕೇ ಎಷ್ಟೋ ಜನ ದಂಡ ಕಟ್ಟಿಯಾದರೂ ಈ ಕೆಲಸ ತಪ್ಪಿಸಿಕೊಳ್ಳುತ್ತಿದ್ದರು!

ಆಗ ಸಾಮಾನ್ಯ ಜನಕ್ಕೆ ಖಾಯಂ ಅಡ್ಡಹೆಸರು ಇರಲಿಲ್ಲ. ಜಾನ್ ಅಂತ ಹತ್ತು ಜನ ಇದ್ದಾಗ ರೀವ್ ಕೆಲಸದ ಜಾನ್ ಅಂತ ಗುರುತು ಹಿಡೀತಿದ್ರು, ಅಷ್ಟೇ. 1400ರ ಸುಮಾರಿಗೆ ಇಂಗ್ಲೆಂಡಿನ ಬಹುಪಾಲು ಕುಟುಂಬಗಳಲ್ಲಿ ಅಪ್ಪನ ಅಡ್ಡಹೆಸರೇ ಮಗನಿಗೆ ಬರುವುದು ಗಟ್ಟಿಯಾಯ್ತು. ಕೆಲಸ ಬಿಟ್ಟರೂ ಹೆಸರು ಉಳಿಯಿತು. ನಮ್ಮ ಕಡೆ ಗೌಡಕಿ ಹೋದ ಮೇಲೂ ಗೌಡರು ಗೌಡರೇ, ಅಲ್ವಾ? ಹಾಗೆ. ಪ್ರತಿ ಊರಿಗೊಬ್ಬ ರೀವ್ ಇದ್ದ ಅಂದ ಮೇಲೆ ಈ ಅಡ್ಡಹೆಸರು ಒಬ್ಬನಿಂದ ಹುಟ್ಟಿರೋಕೆ ಸಾಧ್ಯವೇ ಇಲ್ಲ. ಕುಷ್ಟಗಿ ಕಡೆಯ ಗೌಡರಿಗೂ ಮಾನ್ವಿ ಕಡೆಯ ಗೌಡರಿಗೂ ರಕ್ತ ಸಂಬಂಧ ಇದೆಯಾ ಅಂತ ಯಾರಾದರೂ ಕೇಳ್ತಾರಾ?

ಕಂಪ್ಲಿ ಅಕ್ಕ:

ಮೇಷ್ಟ್ರು ಹೇಳಿದ್ದು ಸರಿ. ಆದರೆ ರೀವ್ಸ್ ಅನ್ನೋದಕ್ಕೆ ಇನ್ನೊಂದು ದಾರಿಯೂ ಇದೆ. ಕೊನೆಯ "ಸ್" ಸಾಮಾನ್ಯವಾಗಿ "ರೀವ್‌ನ ಮಗ" ಅಥವಾ "ರೀವ್ ಮನೆಯ ಆಳು" ಅನ್ನೋದರ ಗುರುತು. ಕೆಲವು ಕುಟುಂಬಗಳಲ್ಲಿ ಮಾತ್ರ ಅದು ಕಾಡಿನ ಅಂಚಿನಲ್ಲಿ ವಾಸ ಇದ್ದವರು ಅನ್ನೋ ಮಾತು ಸವೆದು ಬಂದಿದ್ದು. ಹಾಗಾಗಿ ಒಂದೇ ಸ್ಪೆಲ್ಲಿಂಗ್ ಇದ್ದರೂ ಮೂಲ ಬೇರೆ ಇರಬಹುದು.

ರೀವ್ ಅನ್ನೋ ರೂಪ ಜಾಸ್ತಿ ಸಿಗುವುದು ಇಂಗ್ಲೆಂಡಿನ ಪೂರ್ವದ ನಾರ್ಫೋಕ್, ಸಫೋಕ್ ಕಡೆ. ಇದು ವಲಸೆಗೆ ಮುಖ್ಯ. 1620ರಿಂದ 1640ರ ಒಳಗೆ ಸುಮಾರು 20 ಸಾವಿರ ಜನ ಅಮೆರಿಕದ ನ್ಯೂ ಇಂಗ್ಲೆಂಡಿಗೆ ಹೋದರು. ಅದರಲ್ಲಿ ಈ ಪೂರ್ವ ಭಾಗದ ಪ್ಯೂರಿಟನ್ ಪಂಥದವರು, ಅಂದರೆ ಇಂಗ್ಲೆಂಡಿನ ಚರ್ಚು ಇನ್ನೂ ಶುದ್ಧವಾಗಬೇಕು ಅನ್ನುತ್ತಿದ್ದವರು, ತುಂಬ. ಚರ್ಚಿನ ಜಗಳ ಒಂದು ಕಾರಣ, ಬಟ್ಟೆ ವ್ಯಾಪಾರ ಬಿದ್ದು ಹೋಗಿದ್ದು ಇನ್ನೊಂದು. ಆ ಕಡೆಯ ಅಡ್ಡಹೆಸರುಗಳು ಅಮೆರಿಕದಲ್ಲಿ ಅಷ್ಟು ಬೇಗ ಬೇರು ಬಿಟ್ಟಿದ್ದು ಹೀಗೆ. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ ಹಳೇ ರೀವ್ ಕುಟುಂಬಗಳಿವೆ. 1744ರಲ್ಲಿ ಅಲ್ಲಿ ಹುಟ್ಟಿದ ಟ್ಯಾಪಿಂಗ್ ರೀವ್ ಮುಂದೆ ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ನಲ್ಲಿ ಕಾನೂನು ಶಾಲೆ ನಡೆಸಿದರು. ಅಮೆರಿಕದ ಮೊದಮೊದಲ ಕಾನೂನು ಶಾಲೆಗಳಲ್ಲಿ ಅದೂ ಒಂದು.

ನ್ಯೂಜಿಲೆಂಡಿನ ಕಥೆ ತೀರಾ ಈಚಿನದು, 19ನೇ ಶತಮಾನದ್ದು. ಅಲ್ಲಿ ಕಾರ್ಮಿಕ ಕಾನೂನು ತಂದ ಮಂತ್ರಿ ವಿಲಿಯಂ ಪೆಂಬರ್ ರೀವ್ಸ್ ಹುಟ್ಟಿದ್ದು 1857ರಲ್ಲಿ, ಅವರ ಅಪ್ಪ ಅಮ್ಮ ಇಂಗ್ಲೆಂಡಿನಿಂದ ಬಂದಿಳಿದ ವರ್ಷವೇ. ಆಮೇಲೆ 1985ರಲ್ಲಿ ಗವರ್ನರ್ ಜನರಲ್ ಆದ ಪಾಲ್ ರೀವ್ಸ್ ಇದ್ದರು. ಅವರ ತಾಯಿ ಮಾವೊರಿ, ಅಂದರೆ ಅಲ್ಲಿನ ಮೂಲನಿವಾಸಿ ಜನಾಂಗದವರು. ನಿಮ್ಮ ಆಫೀಸಿನವರನ್ನೇ ಕೇಳಿ ನೋಡಿ, ಅವರ ಮುತ್ತಜ್ಜ ಯಾವ ಹಡಗಲ್ಲಿ ಬಂದ ಅಂತ ಅವರಿಗೇ ಗೊತ್ತಿರಬಹುದು, ಅಲ್ಲಿನವರು ಇದನ್ನೆಲ್ಲ ಚೆನ್ನಾಗಿ ಇಟ್ಟುಕೊಂಡಿರ್ತಾರೆ.

ರಾಯಚೂರು ಬಿಸಿಲು:

ಅಲ್ರೀ, ಈಗ ಡಿಎನ್‌ಎ ಟೆಸ್ಟ್ ಬಂದಿದೆ. ಒಂದು ನೂರು ರೀವ್‌ಗಳನ್ನು ಹಿಡಿದು ಟೆಸ್ಟ್ ಮಾಡಿದರೆ ಮುಗೀತಲ್ಲ, ಇಷ್ಟುದ್ದ ಚರ್ಚೆ ಯಾಕೆ?

ಕಂಪ್ಲಿ ಅಕ್ಕ:

ತಮ್ಮಾ, ಅದನ್ನೂ ಮಾಡಿದ್ದಾರೆ, ಬೇರೆ ಹೆಸರಿನ ಮೇಲೆ. ಗಂಡು ಸಂತಾನದಲ್ಲಿ ವೈ ಕ್ರೋಮೋಸೋಮ್ ಅನ್ನೋ ಡಿಎನ್‌ಎ ಭಾಗ ಅಪ್ಪನಿಂದ ಮಗನಿಗೆ ಹೋಗುತ್ತದೆ, ಇಂಗ್ಲಿಷ್ ಅಡ್ಡಹೆಸರೂ ಹಾಗೇ. ಆಕ್ಸ್‌ಫರ್ಡ್‌ನ ಬ್ರಯಾನ್ ಸೈಕ್ಸ್ ಅನ್ನೋ ವಿಜ್ಞಾನಿ 2000ದಲ್ಲಿ ತಮ್ಮದೇ ಅಡ್ಡಹೆಸರಿನ ಗಂಡಸರನ್ನು ಪರೀಕ್ಷೆ ಮಾಡಿದರು. ಹತ್ತಿರ ಹತ್ತಿರ ಅರ್ಧ ಜನರಲ್ಲಿ ಒಂದೇ ಗುರುತು ಸಿಕ್ಕಿತು. ಅಪರೂಪದ ಹೆಸರುಗಳಲ್ಲಿ ಹೀಗೆ ಹೊಂದುತ್ತದೆ. ಸ್ಮಿತ್ (ಕಮ್ಮಾರ) ಥರದ ಊರೂರಿಗೂ ಇದ್ದ ಕೆಲಸದ ಹೆಸರಲ್ಲಿ ಹೊಂದೋದಿಲ್ಲ.

ಇನ್ನೊಂದು ವಿಷಯ, ನನಗೆ ಇದೇ ದೊಡ್ಡದು ಅನಿಸುತ್ತದೆ. ಅಮೆರಿಕದಲ್ಲಿ ರೀವ್ಸ್ ಅನ್ನೋ ಕಪ್ಪು ಜನರೂ ಬಹಳ ಇದ್ದಾರೆ. ಬ್ಯಾಸ್ ರೀವ್ಸ್ ಅಂತ ಹೆಸರಾಂತ ಪೊಲೀಸ್ ಅಧಿಕಾರಿ ಒಬ್ಬ, 1838ರಲ್ಲಿ ಅರ್ಕಾನ್ಸಾದಲ್ಲಿ ಗುಲಾಮನಾಗಿ ಹುಟ್ಟಿದವನು. ಅವನನ್ನು ಇಟ್ಟುಕೊಂಡಿದ್ದ ಧಣಿಯ ಅಡ್ಡಹೆಸರು ರೀವ್ಸ್, ಅದೇ ಇವನಿಗೂ ಬಂತು. ಆಮೇಲೆ ಬಿಡುಗಡೆಯಾಗಿ, 1875ರಲ್ಲಿ ಫೆಡರಲ್ ಸರ್ಕಾರದ ಡೆಪ್ಯುಟಿ ಮಾರ್ಷಲ್ ಆದ. ಈ ಹೆಸರು ನಾರ್ಫೋಕ್‌ನಿಂದ ಬಂತೋ ಇನ್ನೆಲ್ಲಿಂದ ಬಂತೋ, ಅದು ಧಣಿಯ ಕಥೆ, ಬ್ಯಾಸ್‌ನ ಪೂರ್ವಿಕರು ಬಂದಿದ್ದು ಆಫ್ರಿಕಾದಿಂದ. ಕಿಯಾನು ರೀವ್ಸ್‌ದೂ ನೋಡಿ, ತಂದೆಯ ಕಡೆ ಹವಾಯಿ, ಚೀನಾ ಮೂಲ ಎಲ್ಲಾ ಸೇರಿದೆ. ಬರೀ ಅಡ್ಡಹೆಸರು ನೋಡಿ ವಂಶವೃಕ್ಷ ಬರೆದರೆ ಇವರಿಗೆಲ್ಲ ಎಲ್ಲಿ ಜಾಗ?

ಕೌಲ್‌ಬಜಾರ್ ಹುಡುಗ:

ಅಕ್ಕ, ಮೇಷ್ಟ್ರೇ, ತುಂಬ ಥ್ಯಾಂಕ್ಸ್. ಹಾಗಾದ್ರೆ ಎಲ್ಲಾ ರೀವ್‌ಗಳನ್ನು ಬಿಟ್ಟು ನಮ್ಮ ವಿಲಿಯಂ ರೀವ್ ಒಬ್ಬರ ಊರು ಮನೆ ಹುಡುಕಬೇಕು ಅಂದ್ರೆ ಎಲ್ಲಿ ಶುರು ಮಾಡಲಿ? ಇಲ್ಲಿ ಕಂಟೋನ್ಮೆಂಟ್ ಕಡೆಯ ಹಳೇ ಸಮಾಧಿಗಳನ್ನು ನೋಡಿದರೆ ಏನಾದ್ರೂ ಸಿಗುತ್ತಾ?

ಕೊಪ್ಪಳದ ಮೇಷ್ಟ್ರು:

ಸಮಾಧಿ ಕಲ್ಲು ನೋಡು, ತಪ್ಪಿಲ್ಲ, ಆದರೆ ಅದರಲ್ಲಿ ಸತ್ತ ದಿನ ಸಿಗುತ್ತೆ, ಹುಟ್ಟಿದೂರು ಸಿಗೋದು ಕಡಿಮೆ. ಲಂಡನ್ ಮಿಷನರಿ ಸೊಸೈಟಿಯ ಕಾಗದಪತ್ರ ಈಗ ಲಂಡನ್ನಿನ ಸೋವಾಸ್ ಅನ್ನೋ ಕಾಲೇಜಿನ ಲೈಬ್ರರಿಯಲ್ಲಿವೆ. ಮಿಷನರಿಗಳು ಬರೆದ ಪತ್ರಗಳು ಅಲ್ಲಿವೆ, ಅಲ್ಲಿಂದ ಶುರು ಮಾಡು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತಲ್ಲ, ಆ ಪ್ರಾಂತ್ಯದ ಬ್ಯಾಪ್ಟಿಸಂ, ಮದುವೆ, ಸಮಾಧಿ ದಾಖಲೆಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ವಿಭಾಗದಲ್ಲಿವೆ. ಬಹಳಷ್ಟು ಆನ್‌ಲೈನ್‌ಗೂ ಬಂದಿವೆ.

ಹುಟ್ಟಿದೂರು ಗೊತ್ತಾದರೆ ಮುಂದಿನದು ಸಲೀಸು. ಅಲ್ಲಿನ ಚರ್ಚುಗಳು 1538ರಿಂದ ಪುಸ್ತಕ ಇಡುತ್ತಾ ಬಂದಿವೆ, ಎಲ್ಲಾ ಉಳಿದಿಲ್ಲ, ಆದರೂ ಬಹಳ ಇವೆ. ಒಂದು ಎಚ್ಚರಿಕೆ. ಲಂಡನ್ ಮಿಷನ್‌ಗೆ ಸೇರಿದವರಲ್ಲಿ ಬಹುತೇಕ ಸರ್ಕಾರಿ ಚರ್ಚ್‌ನಿಂದ ಹೊರಗಿದ್ದ ಪಂಗಡದವರು. ಅಂಥ ಮನೆಯ ಮಕ್ಕಳ ಹೆಸರು ಊರ ಚರ್ಚಿನ ಪುಸ್ತಕದಲ್ಲಿ ಇರದೇ ಹೋಗಬಹುದು, ಅವರವರ ಪ್ರಾರ್ಥನಾ ಮಂದಿರದ ಪುಸ್ತಕ ಬೇರೆ ಇರುತ್ತಿತ್ತು. ಅಂಥ ಪುಸ್ತಕಗಳು ಬಹಳಷ್ಟು ಈಗ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಊರ ಚರ್ಚಲ್ಲಿ ಸಿಗಲಿಲ್ಲ ಅಂತ ಅಲ್ಲಿಗೇ ಬಿಡಬೇಡ.