ಸಿಲಿಂಡರ್ ಹೆಡ್‌ನೊಳಗೆ ಮುರಿದುಳಿದ ಬೋಲ್ಟನ್ನು ತೆಗೆಯುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ):
ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಕೊಳವೆಯ) ಗ್ಯಾಸ್ಕೆಟ್, ಅಂದರೆ ಸೋರಿಕೆ ತಡೆಯುವ ಪಟ್ಟಿ, ಬದಲಿಸಲು ಬಿಚ್ಚುವಾಗ 8 ಮಿ.ಮೀ. ಬೋಲ್ಟೊಂದು ತುಂಡಾಗಿ, ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್‌ನಿಂದ ತುಸುವೇ ಹೊರಗೆ ಉಳಿದಿದೆ. ನಮ್ಮ ಮಲೆನಾಡಿನ ಮಳೆಗಾಲಗಳನ್ನು ಬಯಲಿನಲ್ಲೇ ಕಳೆದ ಕಾರಿದು. ತುಕ್ಕು ಮರೆಯವರೆಗೂ (ಬೋಲ್ಟಿನ ಸುರುಳಿ ಗೆರೆಗಳವರೆಗೂ) ಇಳಿದಿರಬೇಕು. ಹೆಡ್ ಕಳಚದೆ ತೆಗೆಯಬಹುದೇ?

ಉತ್ತರ (ಶಿವಮೊಗ್ಗ):
ತೆಗೆಯಬಹುದು. ಚೂರು ಹೊರಗೆ ಕಾಣುತ್ತಿರುವುದೇ ದೊಡ್ಡ ಅನುಕೂಲ. ಪೆನೆಟ್ರೇಟಿಂಗ್ ಆಯಿಲ್ (ಸಂದಿಗಳಿಗೆ ಇಳಿಯುವ ತೆಳು ಎಣ್ಣೆ) ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಎಣ್ಣೆಯನ್ನು ಪೂರ್ತಿ ಒರೆಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಚೂರಿನ ಮೇಲೆ ನಟ್ಟೊಂದನ್ನು ಇಟ್ಟು ಅದರ ತೂತಿನೊಳಗಿನಿಂದ ಅನುಭವಿ ವೆಲ್ಡರ್ ಒಬ್ಬರಿಂದ ವೆಲ್ಡ್ ಮಾಡಿಸಿ. ಕಾದ ಬೋಲ್ಟು ಹಿಗ್ಗಿ, ತಣಿಯುವಾಗ ಕುಗ್ಗುವುದರಿಂದ ತುಕ್ಕಿನ ಹಿಡಿತ ಸಡಿಲಾಗುತ್ತದೆ. ಆಮೇಲೆ ಒಂದೇ ಸಮನೆ ಬಲ ಹಾಕದೆ, ಸ್ಪ್ಯಾನರಿನಿಂದ ತುಸು ಹಿಂದೆ, ತುಸು ಮುಂದೆ ತಿರುಗಿಸುತ್ತಾ ಬನ್ನಿ.

ಉತ್ತರ (ಸಾಗರ):
ಮೇಲಿನ ಮಾತು ಸರಿ. ವೆಲ್ಡ್ ಹಿಡಿಯದಿದ್ದರೆ ಮಾತ್ರ ಡ್ರಿಲ್ಲಿಗೆ ಕೈ ಹಾಕಿ. ಚೂರನ್ನು ಮಟ್ಟಸವಾಗಿ ಅರದಿಂದ ಉಜ್ಜಿ, ನಡುವೆ ಸೆಂಟರ್ ಪಂಚಿನಿಂದ (ಚೂಪು ಮೊನೆಯ ಉಳಿಯಿಂದ) ಗುಳಿ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟಿನಿಂದ ಕೊರೆದರೆ ಅನೇಕ ಸಲ ಬೋಲ್ಟು ತಾನಾಗಿ ಹೊರಬರುತ್ತದೆ. ಡ್ರಿಲ್ ಬಿಟ್ಟು ಪಕ್ಕಕ್ಕೆ ಜಾರಿದರೆ ಮೆದುವಾದ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಮುರಿದ ಬೋಲ್ಟಿಗೆ ಕಚ್ಚಿಸಿ ಹೊರಕ್ಕೆ ತಿರುಗಿಸುವ ಸ್ಕ್ರೂ ಎಕ್ಸ್‌ಟ್ರಾಕ್ಟರನ್ನು ನಾನು ಸೂಚಿಸುವುದಿಲ್ಲ; ಆ ಗಟ್ಟಿ ಉಕ್ಕು ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು. ಮರೆ ಹಾಳಾದರೆ ಹೆಲಿಕಾಯಿಲ್ (ಹೊಸ ಮರೆಯಾಗುವ ತಂತಿಯ ಸುರುಳಿ) ಕೂರಿಸಬಹುದು.

ಪ್ರಶ್ನೆ (ತೀರ್ಥಹಳ್ಳಿ):
ಹೊಸ ಬೋಲ್ಟಿಗೆ ಗ್ರೀಸ್ ಹಚ್ಚಬಹುದೇ?

ಉತ್ತರ (ಸಾಗರ):
ಬೇಡ, ಎಕ್ಸಾಸ್ಟಿನ ಶಾಖಕ್ಕೆ ಅದು ಸುಟ್ಟುಹೋಗುತ್ತದೆ. ನಿಕಲ್ ಇರುವ, ಬೋಲ್ಟು ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟನ್ನು ತೆಳುವಾಗಿ ಹಚ್ಚಿ. ಪೇಸ್ಟ್ ಹಚ್ಚಿದ ಬೋಲ್ಟಿಗೆ ಒಣ ಬೋಲ್ಟಿಗೆ ಹೇಳಿದ ಟಾರ್ಕ್ (ಬಿಗಿಯುವ ತಿರುಗುಬಲ) ಅತಿಯಾಗುತ್ತದೆ ಎಂಬುದನ್ನು ಗಮನಿಸಿ.